ಉಸ್ತುವಾರಿ ಸಚಿವರೇ, ಹಾಸ್ಟೆಲ್ ಮಕ್ಕಳಿಗೊಂದು ಕೊಟ್ಟಿಗೆ ಕೊಡಿ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿಯ ನಮಸ್ಕಾರಗಳು.

ಹೋದ ವರ್ಷ ಪಿಯುಸಿ ಓದುತ್ತಿದ್ದ ನನ್ನ ಮಗ ಹಾಸ್ಟೆಲಿನಿಂದ ಮನೆಗೆ ಬಂದವನು ವಾಪಸ್ ಹೋಗಲಿಲ್ಲ. ಊಟ ಬೇಡ, ಮಾತು ಬೇಡ. ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ಟೆಲಿ ಮಾನಸ್ ಅಂತಾರಲ್ಲ ಅದಕ್ಕೆ, ಫೋನ್ ಮಾಡಿದೆ. ಮನೋವೈದ್ಯರಿಗೆ ತೋರಿಸಿದೆವು. ಮಾತ್ರೆಯಿಂದ ನಿದ್ದೆ ಬಂತು. ಮಾತು ಬರಲಿಲ್ಲ.

ಅದೇ ಮಳೆಗಾಲದಲ್ಲಿ ನಮ್ಮ ಮಲೆನಾಡು ಗಿಡ್ಡ ತಳಿಯ ಹಸು ಕರು ಹಾಕಿತು. ನನಗೆ ಜ್ವರ. "ದನಕ್ಕೆ ಅಕ್ಕಚ್ಚು ಇಟ್ಟು ಬಾರೋ" ಅಂದೆ. ಎದ್ದು ಹೋದ. ಮರುದಿನ ಹೇಳದೆಯೇ ಹೋದ. ನಾವೆಲ್ಲ ದಿನಕ್ಕೆ ಹತ್ತು ಸಲ "ಏನಾಯ್ತು?" ಅಂತ ಕೇಳುತ್ತಿದ್ದೆವು. ಕರು ಏನೂ ಕೇಳಲಿಲ್ಲ, ಅವನ ಕೈ ನೆಕ್ಕಿತು ಅಷ್ಟೇ. ಹದಿನೈದು ದಿನ ಆದಮೇಲೆ ಕೊಟ್ಟಿಗೆಯಲ್ಲಿ ಅವನು ಕರುವಿನ ಹತ್ತಿರ ಮಾತಾಡುವುದು ಕೇಳಿಸಿತು. ನಾನು ಬಾಗಿಲ ಹಿಂದೆ ನಿಂತು ಅತ್ತೆ.

ಇದು ನಮ್ಮ ಮನೆಯದ್ದೊಂದೇ ಕಥೆಯಲ್ಲ. ಅಮೆರಿಕದ ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ಇದನ್ನು ಬರೆದಿದ್ದಾರೆ. ಯಾರೊಂದಿಗೂ ಬೆರೆಯದ ಹುಡುಗ ಅವರ ನಾಯಿ ಜಿಂಗಲ್ಸ್ ಜೊತೆ ಬೆರೆತಿದ್ದ.

ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ. ಸರ್ಕಾರಿ ಹಾಸ್ಟೆಲ್ ಮಕ್ಕಳು ವಾರಕ್ಕೊಂದು ಮಧ್ಯಾಹ್ನ ಆ ಕಾಲೇಜಿನ ಕೊಟ್ಟಿಗೆಗೆ ಹೋಗಲಿ. ಹುಲ್ಲು ಹಾಕಲಿ, ಮೈ ತೊಳೆಯಲಿ, ಸುಮ್ನೆ ಕೂರಲಿ. ಜೊತೆಗೆ ಒಬ್ಬ ಆಪ್ತಸಮಾಲೋಚಕರು ಇರಲೇಬೇಕು. ಡಾಕ್ಟರು, ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ.

ಕಾಡಿಗೆ ಕರೆದೊಯ್ಯುವ ಯೋಜನೆಯನ್ನೂ ಯಾರಾದರೂ ಮುಂದಿಡಬಹುದು. ಒಳ್ಳೆಯದೇ. ಆದರೆ 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಅದು ಹರಡುವುದು ಉಣುಗು ಕಚ್ಚಿ. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಉಣುಗಿನ ಕಾಟ ಜಾಸ್ತಿ, ಆ ತಿಂಗಳುಗಳಲ್ಲಿ ಕಾಡು ಬೇಡ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳು ಮೀಯುವುದನ್ನು ದೂರದಿಂದ ನೋಡಲಿ, ಸವಾರಿ ಬೇಡ. ಆನೆಗೂ ನೆಮ್ಮದಿ ಬೇಕಲ್ವಾ?

ಮಗ ಈಗ ಮನೆಯಿಂದಲೇ ಬಸ್ಸಲ್ಲಿ ಕಾಲೇಜಿಗೆ ಹೋಗುತ್ತಾನೆ. ಮಾತ್ರೆ ಇನ್ನೂ ಇದೆ. ಹಾಸ್ಟೆಲಿನಲ್ಲಿ ಅವನ ರೂಮಿನಲ್ಲಿದ್ದ ಇನ್ನೊಬ್ಬ ಹುಡುಗ ಈಗ ಊಟ ಬಿಡುತ್ತಿದ್ದಾನಂತೆ. ಅವನ ಊರು ದೂರ, ಮನೆಯಲ್ಲಿ ದನವೂ ಇಲ್ಲ. ಬರುವ ಜೂನ್ ಒಳಗೆ ಆದೇಶ ಹೊರಡಿಸಿ, ಸ್ವಾಮಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಾಯಿ