ಆ ಮೇಜು ಈ ದೀಪಾವಳಿಗೆ ಆಗುವುದಿಲ್ಲ ಮಾರಾಯ್ತಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಡ್ರಿಲ್ಲು, ಸರ್ಕ್ಯುಲರ್ ಸಾ, ಮರದಲ್ಲಿ ಕಾಲುವೆ ಕೊರೆಯುವ ರೌಟರ್, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಎರಡು ಡಬ್ಬ. ಎಷ್ಟಾಯ್ತು ಅಂತ ನಿನ್ನ ಅಮ್ಮನಿಗೆ ಹೇಳಬೇಡ, ನಾನೂ ಹೇಳುವುದಿಲ್ಲ. ಆರಿದ್ರಾ ಮಳೆಯ ಗಾಳಿಗೆ ಬಿದ್ದ ನಮ್ಮ ಹಲಸಿನ ಮರದಲ್ಲಿ ಆರು ಜನ ಕೂರುವ ಊಟದ ಮೇಜು ಮಾಡುತ್ತೇನೆ, ದೀಪಾವಳಿಯೊಳಗೆ ಮುಗಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಮರೆತುಬಿಡುತ್ತೀಯ. ಇಲ್ಲಿ ಪುಷ್ಯ ಮಳೆ ಬಿಡುವು ಕೊಟ್ಟಿಲ್ಲ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಬಂದವರು ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದಾರೆ, ನನಗೂ ಬೇರೆ ಕೆಲಸವಿಲ್ಲ.

ನಿಮ್ಮ ಬೆಂಗಳೂರು ಮನೆಯ ಮೇಜಿನ ನಡುವೆ ಒಂದು ಸೀಳು ಇದೆ, ನೆನಪಿದೆಯಾ? ಚಿಕ್ಕವಳಿದ್ದಾಗ ಅದರೊಳಗೆ ಎಂಟಾಣೆ ಹಾಕಿ ಕೆಳಗೆ ಕೈ ಹಿಡಿಯುತ್ತಿದ್ದೆ. ಅದು ನನ್ನ ಕೈಕೆಲಸ. ನಿನ್ನ ಅಮ್ಮನ ಮದುವೆಯ ಮರುವರ್ಷ, ಇಂಥದ್ದೇ ಮಳೆಗಾಲದಲ್ಲಿ, ಸಾಮಿಲ್ಲಿನಿಂದ ಆಗಷ್ಟೇ ಬಂದ ಸಾಗುವಾನಿ ಹಲಗೆಗಳನ್ನು ಅಂಟಿಸಿ ಮೂರಡಿ ಅಗಲ ಮಾಡಿ, ಕೆಳಗಿನ ಚೌಕಟ್ಟಿಗೆ ಸುತ್ತಲೂ ಸ್ಕ್ರೂ ಹಾಕಿ ಬಿಗಿದೆ. ಬಹಳ ಗಟ್ಟಿಯಾಗಿದೆ ಅಂತ ಅದರ ಮೇಲೆ ನಿಂತು ತೋರಿಸಿದ್ದೆ ಬೇರೆ! ಮುಂದಿನ ಮಾರ್ಚಿನಲ್ಲಿ ಒಂದು ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ. ನಿನ್ನ ಅಪ್ಪ ಕಳ್ಳ ಬಂದ ಅಂತ ದೊಣ್ಣೆ ಹಿಡಿದು ಓಡಿ ಬಂದರು. ನೋಡಿದರೆ ಮೇಜು ಸೀಳಿತ್ತು.

ತಪ್ಪು ಸಾಗುವಾನಿಯದ್ದಲ್ಲ, ನನ್ನದು. ಕಡಿದ ಮೇಲೂ ಮರ ನೀರು ಕುಡಿಯುತ್ತದೆ, ಬಿಡುತ್ತದೆ. ಉದ್ದಕ್ಕೆ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಎಲ್ಲ ಆಟ ಅಗಲದಲ್ಲಿ. ಮೂರಡಿ ಅಗಲದ ಹಲಗೆ ನಮ್ಮ ಮಳೆಗಾಲಕ್ಕೂ ನಿಮ್ಮ ಬೇಸಿಗೆಗೂ ನಡುವೆ ಕಾಲು ಇಂಚಿಗಿಂತ ಜಾಸ್ತಿಯೇ ಕುಗ್ಗುತ್ತದೆ. ನಾನು ಸ್ಕ್ರೂ ಹಾಕಿ ಕುಗ್ಗಬೇಡ ಅಂದೆ. ಅದು ಸೀಳಿಕೊಂಡು ಕುಗ್ಗಿತು. ಇಲ್ಲಿ ದೇವರ ಕೋಣೆಯ ಬಾಗಿಲು ಆಷಾಢದಲ್ಲಿ ಬಿಗಿಯುತ್ತದಲ್ಲ, ನೀನು ಕಾಲಲ್ಲಿ ಒದ್ದು ಅಜ್ಜಿಯ ಹತ್ತಿರ ಬೈಸಿಕೊಂಡಿದ್ದೆಯಲ್ಲ, ಅದೂ ಇದೇ ಕತೆ.

ಹಾಗಾಗಿ ಹಲಸಿನ ಮರ ಕೊಯ್ಸಿದ ಕೂಡಲೇ ಮೇಜಿನ ಮಾತು ಬೇಡ. ದಿಮ್ಮಿಯ ಎರಡು ತುದಿಗೂ ಹಳೆ ಪೇಂಟ್ ಬಳಿದಿದ್ದೇನೆ, ತುದಿಯಿಂದ ಬೇಗ ಒಣಗಿದರೆ ಸೀಳು ಬೀಳುತ್ತದೆ. ಒಂದೂವರೆ ಇಂಚಿನ ಹಲಗೆ ಕೊಯ್ಸಿ, ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಒಂದರ ಮೇಲೊಂದು ಪೇರಿಸುತ್ತೇನೆ. ನಡುವೆ ಎರಡಡಿಗೊಂದು ರೀಪು, ಮೇಲಿನ ರೀಪು ಕೆಳಗಿನದರ ನೆತ್ತಿಗೇ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಗಾಳಿ ಆಡಬೇಕು, ಬಿಸಿಲು ಬೀಳಬಾರದು. ಇಂಚಿಗೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ, ಅಂದರೆ ನಿನ್ನ ಹಲಗೆಗೆ ಒಂದೂವರೆ ವರ್ಷ. ಒಂದು ಹಲಗೆಗೆ ಗುರುತು ಹಾಕಿ ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತಾಗ ಇಲ್ಲಿಯ ಗಾಳಿಗೆ ಅದು ಒಣಗಿದೆ ಅಂತ ಅರ್ಥ. ಆಮೇಲೂ ಬೆಂಗಳೂರಿಗೆ ಒಯ್ದು ಒಂದೆರಡು ತಿಂಗಳು ನಿನ್ನ ಕೋಣೆಯಲ್ಲೇ ಇಟ್ಟುಕೊ. ತೇವ ನೋಡುವ ಮೀಟರ್ ಸಿಗುತ್ತದಂತೆ, ಅದು 12 ಶೇಕಡಾದ ಆಸುಪಾಸು ತೋರಿಸಿದರೆ ಕೈ ಹಾಕಬಹುದು. ನೀನು ಕೊಂಡಿದ್ದರಲ್ಲಿ ಆ ಮೀಟರ್ ಇಲ್ಲವೇ ಇಲ್ಲ, ನೋಡಿದೆ!

ಅಲ್ಲಿಯವರೆಗೆ ಸುಮ್ನೆ ಕೂರಬೇಡ. ಮಣೆ ಮಾಡು.

ನಗಬೇಡ. ನಮ್ಮನೆ ಊಟದ ಮಣೆಯನ್ನು ಮುಂದಿನ ಸಲ ಬಂದಾಗ ತಿರುಗಿಸಿ ನೋಡು. ಕೆಳಗೆ ಎರಡು ಅಡ್ಡಪಟ್ಟಿ ಇವೆ. ಅವಕ್ಕೆ ಮೊಳೆಯಿಲ್ಲ, ಗೋಂದಿಲ್ಲ. ಹಲಗೆಯಲ್ಲಿ ಬಾಯಿ ಕಿರಿದಾಗಿ ಒಳಗೆ ಅಗಲವಾಗಿರುವ ಗಾಡಿ, ಅಂದರೆ ಉದ್ದ ಕಾಲುವೆ, ತೋಡಿ, ಅದಕ್ಕೆ ಸರಿಯಾಗಿ ಕೆತ್ತಿದ ಪಟ್ಟಿಯನ್ನು ಪಕ್ಕದಿಂದ ಕೊಡತಿಯಲ್ಲಿ, ಅಂದರೆ ಮರದ ಸುತ್ತಿಗೆಯಲ್ಲಿ, ಬಡಿದು ತೂರಿಸಿದ್ದಾರೆ. ಪಟ್ಟಿ ಹಲಗೆಯನ್ನು ಬಾಗದ ಹಾಗೆ ಹಿಡಿಯುತ್ತದೆ, ಆದರೆ ಹಿಗ್ಗಲು ಕುಗ್ಗಲು ಬಿಡುತ್ತದೆ. ನನ್ನ ಮೇಜಿಗೆ ಇಲ್ಲದೆ ಹೋದ ಬುದ್ಧಿ ಒಂದಡಿ ಮಣೆಯಲ್ಲಿತ್ತು. ದಿನಾ ಅದರ ಮೇಲೆ ಕೂತು ಉಣ್ಣುತ್ತಿದ್ದೆ, ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಸೀಳಿದ ಮೇಲೆ ನಮ್ಮ ಆಚಾರಿ ಏನೂ ಮಾತಾಡದೆ ಮಣೆ ಕವುಚಿ ಹಾಕಿ ಎದುರಿಗೆ ಇಟ್ಟರು, ನಾಚಿಕೆಯಾಯಿತು. ಮೇಜಿಗಾದರೆ ಚೌಕಟ್ಟಿನ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು, ನಡುವೆ ಮಾತ್ರ ಬಿಗಿ ಮಾಡಿ, ಅಂಚಿನ ಸ್ಕ್ರೂಗಳಿಗೆ ಜಾರಲು ಜಾಗ ಬಿಡಬೇಕು.

ಮಣೆಗೆ ಮರ ಅಟ್ಟದಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ, 1964ರ ಸುಮಾರಿಗೆ, ನಿನ್ನ ಮುತ್ತಜ್ಜನ ಕಡೆಯವರು ಮನೆ ಬಿಚ್ಚಿ ಗಾಡಿಯಲ್ಲಿ ತಂದ ಕಂಬ, ಹಲಗೆಗಳಲ್ಲಿ ಒಂದಿಷ್ಟು ಉಳಿದಿದೆ. ಹೊನ್ನೆ, ಮತ್ತಿ ಎರಡೂ ಇವೆ. ಅರವತ್ತು ವರ್ಷ ಒಣಗಿದ ಮರ, ಅದಕ್ಕಿಂತ ಬೇಕಾ? ಮರ ಹೆರೆದು ನಯ ಮಾಡುವ ಹತ್ತರಿ ಹಾಕುವ ಮೊದಲು ಆಯಸ್ಕಾಂತ ಹಿಡಿದು ಇಂಚಿಂಚೂ ಹುಡುಕು, ತುಕ್ಕು ಹಿಡಿದ ಮುರುಕು ಮೊಳೆ ಒಳಗಿದ್ದರೆ ಹತ್ತರಿಯ ಬಾಯಿ ಹೋಗುತ್ತದೆ. ಹೊನ್ನೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಹಾಕಿಕೊಂಡು ಕೂರಬೇಡ. ನೀನು ಬೀಟೆ ಹಲಗೆ ಕೇಳಿದ್ದೆ, ಅದನ್ನು ಮುಟ್ಟುವ ಹಾಗಿಲ್ಲ, ಇನ್ನೊಂದು ಹುಟ್ಟಿಸಲು ನಮ್ಮ ಆಯುಷ್ಯ ಸಾಲುವುದಿಲ್ಲ.

ಈಗ ಹತ್ಯಾರಿನ ವಿಚಾರ. ರೌಟರ್ ಡಬ್ಬ ಬಿಚ್ಚಿಲ್ಲ ಅಂದರೆ ವಾಪಸ್ ಕೊಡಲು ಆಗುತ್ತದಾ ಕೇಳು. ಕಾಲು, ಅರ್ಧ, ಒಂದು ಇಂಚಿನ ಮೂರು ಉಳಿ, ಒಂದು ಹತ್ತರಿ, ಸಣ್ಣ ಹಲ್ಲಿನ ಕೈಗರಗಸ, ಮೂಲೆಮಟ್ಟ, ನಾಲ್ಕು ಕ್ಲಾಂಪು, ಒಳ್ಳೆಯ ಸಾಣೆಕಲ್ಲು. ಇಷ್ಟೇ. ಉಳಿಗಿಂತ ಕಲ್ಲಿಗೆ ಜಾಸ್ತಿ ದುಡ್ಡು ಹೋದರೂ ಅಳಬೇಡ. ಅಂಗಡಿಯಿಂದ ಬಂದ ಉಳಿ ಹರಿತವಿರುತ್ತದೆ ಅಂದುಕೊಂಡು ನಾನು ಮೊದಲ ಎರಡು ವರ್ಷ ಮರವನ್ನು ಕೆತ್ತಲಿಲ್ಲ, ಜಜ್ಜಿದೆ. ಮೊದಲು ಉಳಿಯ ಚಪ್ಪಟೆ ಬೆನ್ನನ್ನು ಕಲ್ಲಿಗೆ ತಿಕ್ಕಿ ತುದಿಯ ಒಂದಿಂಚು ಕನ್ನಡಿ ಮಾಡು. ಆಮೇಲೆ ಇಳಿಜಾರು, 25 ಡಿಗ್ರಿ. ಮತ್ತಿಯಂಥ ಗಟ್ಟಿ ಮರಕ್ಕೆ ತುದಿಯಲ್ಲಿ ಮಾತ್ರ 30. ಬೆನ್ನಿನ ಕಡೆ ಬೆರಳಿಗೆ ಸಣ್ಣ ಚುಂಗು ತಗುಲಿದರೆ ಅಂಚು ಬಂತು ಅಂತ, ಅದನ್ನು ನಯ ಕಲ್ಲಿನಲ್ಲಿ ತೆಗೆ. ಹರಿತವನ್ನು ಹೆಬ್ಬೆರಳಿನಲ್ಲಿ ನೋಡಬೇಡ, ಮೆದು ಮರದ ಅಡ್ಡತುದಿಯನ್ನು ಸವರಿ ನೋಡು, ಪುಡಿ ಬರದೆ ತೆಳು ಸಿಪ್ಪೆ ಬಂದರೆ ಸಾಕು. ಗ್ರೈಂಡರಿಗೆ ಹಿಡಿದರೆ ಮತ್ತೆ ಮತ್ತೆ ನೀರಿಗೆ ಅದ್ದು, ತುದಿ ನೀಲಿಯಾದರೆ ಆ ಉಕ್ಕಿನ ಗಟ್ಟಿತನ ಹೋಯಿತು.

ಮೂಲೆಮಟ್ಟವನ್ನೂ ನಂಬಬೇಡ. ನೇರ ಅಂಚಿಗೆ ಹಿಡಿದು ಗೆರೆ ಎಳೆ, ತಿರುಗಿಸಿ ಹಿಡಿದು ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆ. ಎರಡೂ ಒಂದೇ ಆಗದಿದ್ದರೆ ಅಂಗಡಿಗೆ ವಾಪಸ್.

ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಕೈ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಬೇಡ. ಹಾಕಿ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನೋಡಿ ಕಲಿಯಬೇಡ. ಅದು ನಿಮಿಷಕ್ಕೆ 10 ಸಾವಿರ ಸುತ್ತಿನ ಮೇಲೆ ತಿರುಗುವ ಯಂತ್ರ, ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಮೈಮೇಲೇ ಹಾರುತ್ತದೆ. ತಿರುಗುವ ಯಂತ್ರದ ಹತ್ತಿರ ಕೈಗವಸು, ದುಪಟ್ಟಾ, ಬಿಚ್ಚಿದ ಕೂದಲು ಯಾವುದೂ ಬೇಡ. ಮಾಸ್ಕ್ ಬೇಕೇ ಬೇಕು. ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 1995ರಲ್ಲೇ ಬರೆದಿದ್ದಾರೆ. ನಾನು ಅಷ್ಟು ವರ್ಷ ಬರೀ ಟವೆಲ್ ಕಟ್ಟಿಕೊಂಡೆ, ಈಗ ಬೆಳಿಗ್ಗೆದ್ದರೆ ಸೀನು.

ಕೊಳ್ಳುವ ಮರದ ಲೆಕ್ಕ ಕಲಿತುಕೊ. ದಪ್ಪ ಇಂಚು, ಅಗಲ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ. ಒಂದೂವರೆ ಇಂಚು ದಪ್ಪ, 8 ಇಂಚು ಅಗಲ, 6 ಅಡಿ ಉದ್ದದ ಹಲಗೆ ಅರ್ಧ ಸಿಎಫ್‌ಟಿ. ದಿಮ್ಮಿಗೆ ಬೇರೆ: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸು. ನಮ್ಮ ಹಲಸಿನ ದಿಮ್ಮಿ ಸುತ್ತಳತೆ 4 ಅಡಿ, ಉದ್ದ 10 ಅಡಿ, ಅಂದರೆ 10 ಸಿಎಫ್‌ಟಿ. ನಿಜವಾಗಿ ಅದರಲ್ಲಿ ಹನ್ನೆರಡೂವರೆಗಿಂತ ಜಾಸ್ತಿ ಇದೆ, ಬಿಟ್ಟಿದ್ದು ಹೊಟ್ಟಿಗೆ, ಹೊರಪಟ್ಟೆಗೆ ಹೋಗುವ ಲೆಕ್ಕ. ಹಲಗೆ ಆರಿಸುವಾಗ ಚೇಗು, ಅಂದರೆ ಮರದ ನಡುವಿನ ಗಟ್ಟಿ ತಿರುಳು, ನೋಡು. ಅಂಚಿನ ಬಿಳಿ ಭಾಗದಲ್ಲಿ ಹುಳಕ್ಕೆ ಊಟವಿದೆ, ಸಾಗುವಾನಿಯಾದರೂ ಅಷ್ಟೆ, ಕುಟ್ಟೆ ಹಿಡಿದು ಹಿಟ್ಟು ಸುರಿಯುತ್ತದೆ. ಬಟ್ಟೆಯ ಬೀರು ಬೇಕಾದರೆ ಗಟ್ಟಿ ಮರಕ್ಕೆ ದುಡ್ಡು ಸುರಿಯಬೇಡ, ಪ್ಲೈವುಡ್ ಸಾಕು. ನೀರು ತಾಗುವ ಕಡೆ ಮಾತ್ರ ಐಎಸ್ 710 ಅಂತ ಮುದ್ರೆ ಇರುವುದನ್ನು ತೊಗೊ.

ಪಾಲಿಶ್ ವಿಷಯ ಮಣೆ ಮುಗಿದ ಮೇಲೆ ಮಾತಾಡೋಣ. ಒಂದೇ ಮಾತು, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ತಂತಿಯ ಮೇಲೆ ಬಿಡಿಸಿ ಒಣಹಾಕು.

ಬಿದ್ದ ಮರ, ನಮ್ಮದೇ ತೋಟ ಅಂತ ಹಲಗೆಯನ್ನು ಹಾಗೇ ಗಾಡಿಗೆ ಹಾಕಿಕೊಂಡು ಹೋಗಬೇಡ. 1976ರ ವೃಕ್ಷ ಸಂರಕ್ಷಣೆಯ ಕಾಯ್ದೆ ಇದೆ, ಕೆಲವು ಜಾತಿಗೆ ವಿನಾಯಿತಿ, ಕೆಲವಕ್ಕೆ ಇಲ್ಲ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಬೇಕಾದ ಕಾಗದ ನಾನೇ ಮಾಡಿಸಿಡುತ್ತೇನೆ.

ದೀಪಾವಳಿಗೆ ಬಾ, ಮೇಜಿಲ್ಲದಿದ್ದರೂ ಬಾ. ಬರುವಾಗ ಅರ್ಧ ಇಂಚಿನ ಉಳಿ ಎರಡು ತಾ, ನನ್ನದರ ಹಿಡಿ ಒಡೆದಿದೆ. ಆಯಸ್ಕಾಂತವನ್ನೂ ಮರೆಯಬೇಡ.

ನಿನ್ನ
ಮಾವ