ಸೌಂಡ್ ಮಿಕ್ಸರ್ ಕೊಳ್ಳೋಕೆ ಮುಂಚೆ ಯುಎಸ್‌ಬಿ ಬಗ್ಗೆ ಕೇಳಿ

ಸಂಪಾದಕರೇ,

ಗಣೇಶ ಹಬ್ಬ ಹತ್ರ ಬಂತು ಅಂದ್ರೆ ಭಜನೆ ಮಂಡಳಿಯೋರು, ಆರ್ಕೆಸ್ಟ್ರಾ ಹುಡುಗ್ರು ಎಲ್ಲ ಸಣ್ಣ ಮಿಕ್ಸರ್ (ಮೈಕು, ವಾದ್ಯ ಎಲ್ಲದರ ಸೌಂಡು ಕೂಡಿಸೋ ಯಂತ್ರ) ಹುಡುಕ್ತಾರೆ, ಮನೇಲಿ ರೆಕಾರ್ಡಿಂಗಿಗೂ ಆಗ್ಬೇಕು ಸ್ಟೇಜಿಗೂ ಆಗ್ಬೇಕು ಅಂತ. ಅಂಗಡೀಲಿ ಚಾನಲ್ ಲೆಕ್ಕ, ಅಂದ್ರೆ ಎಷ್ಟು ಸೌಂಡು ಒಳಗೆ ತಗೊಳತ್ತೆ ಅನ್ನೋದು, ಒಂದೇ ಹೇಳ್ತಾರೆ. ಉದಾಹರಣೆಗೆ ಯಮಹಾ ಎಂಜಿ 10 ಎಕ್ಸ್‌ಯು ತಗೊಳ್ಳಿ, ಒಳ್ಳೇ ಮಾಲೇ, ಆದ್ರೆ ಹತ್ತು ಚಾನಲ್ ಅಂದ್ರೂ ಮೈಕ್ ಹಾಕೋಕೆ ಇರೋದು ನಾಲ್ಕೇ, ಉಳಿದಿದ್ದು ಕೀಬೋರ್ಡು ಫೋನು ಅಂಥದ್ದಕ್ಕೆ ಸ್ಟೀರಿಯೋ ಲೈನು, ಅಂದ್ರೆ ಎಡ ಬಲ ಜೋಡಿ ಇನ್‌ಪುಟ್ಟು.

ಅದಕ್ಕಿಂತ ಮುಖ್ಯ ಯುಎಸ್‌ಬಿ. ಇದ್ರಲ್ಲಿ ಕಂಪ್ಯೂಟರಿಗೆ ಹೋಗೋದು ಎರಡೇ ಟ್ರ್ಯಾಕು, ಅಂದ್ರೆ ಹಾಡು ತಬಲ ಹಾರ್ಮೋನಿಯಂ ಎಲ್ಲ ಕಲಸಿ ಎಡ ಬಲ ಅಂತ ಹೋಗತ್ತೆ, ಆಮೇಲೆ ತಬಲ ಮಾತ್ರ ಸ್ವಲ್ಪ ಕಮ್ಮಿ ಮಾಡೋಣ ಅಂದ್ರೆ ಮುಗೀತು, ಬೆರೆತ ಸಾಂಬಾರಿಂದ ಉಪ್ಪು ತೆಗೆದಂಗೆ. ಬೇರೆ ಬೇರೆ ಟ್ರ್ಯಾಕ್ ಬೇಕಂದ್ರೆ ಜೂಮ್ ಲೈವ್‌ಟ್ರ್ಯಾಕ್ ಎಲ್-8, ಟ್ಯಾಸ್ಕಾಮ್ ಮಾಡೆಲ್ 12 ಥರದ್ದು ನೋಡ್ಬೇಕು, ಕಂಪ್ಯೂಟರ್ ಇಲ್ದೇನೂ ಎಸ್‌ಡಿ ಕಾರ್ಡಿಗೇ ಚಾನಲ್ ಬೇರೆಬೇರೆಯಾಗಿ ರೆಕಾರ್ಡ್ ಆಗತ್ತೆ. ದುಡ್ಡು ಜಾಸ್ತಿ, ನಿಜ. ಬರೀ ಸ್ಟೇಜಿಗೆ ಅಂದ್ರೆ ಅಷ್ಟು ಸುರಿಯೋದು ದಂಡ ಅಂತ ನನ್ನ ಅಭಿಪ್ರಾಯ.

ಕಂಡೆನ್ಸರ್ ಮೈಕ್ (ಕೆಲಸ ಮಾಡೋಕೆ ಕರೆಂಟು ಬೇಕಾಗೋ ಮೈಕು) ಇದ್ರೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದ್ರೆ ಮಿಕ್ಸರಿಂದ ಮೈಕ್ ಕೇಬಲ್ಲಲ್ಲೇ ಹೋಗೋ ಕರೆಂಟು, ಬೇಕಾಗತ್ತೆ. ಪಿಕಪ್ (ವಾದ್ಯಕ್ಕೆ ಕೂರಿಸಿ ಅದ್ರ ಸೌಂಡು ಹಿಡಿಯೋ ಸಣ್ಣ ಸಾಧನ) ಹಾಕಿರೋ ವೀಣೆ, ಗಿಟಾರ್ ಆದ್ರೆ ಅದ್ರ ಸಿಗ್ನಲ್ಲಿಗೆ ಹೊಂದೋ ಹೈ-ಝಡ್ ಇನ್‌ಪುಟ್ಟೋ ಅದನ್ನ ಮಿಕ್ಸರಿಗೆ ಹೊಂದಿಸೋ ಡಿಐ ಬಾಕ್ಸೋ ಇಲ್ದಿದ್ರೆ ಸೌಂಡು ತೆಳ್ಳಗೆ ಕೇಳಬಹುದು. ಮತ್ತೆ ಈ ಹದಿನಾರು ಎಫೆಕ್ಟು (ಎಕೋ ಥರದ್ದು) ಇಪ್ಪತ್ನಾಲ್ಕು ಎಫೆಕ್ಟು ಅಂತ ಮರುಳಾಗ್ಬೇಡಿ, ಹಾಡೋರಿಗೆ ಮಾನಿಟರ್ (ಅವ್ರ ದನಿ ಅವ್ರಿಗೇ ಕೇಳೋಕೆ ಇಡೋ ಸ್ಪೀಕರ್) ಕೊಡೋಕೆ ಪ್ರೀ-ಫೇಡರ್ ಆಕ್ಸ್, ಅಂದ್ರೆ ಚಾನಲ್ಲಿನ ಫೇಡರ್ ಏರಿಸಿ ಇಳಿಸಿದ್ರೂ ಬದಲಾಗ್ದೇ ಇರೋ ಬೇರೆ ಔಟ್‌ಪುಟ್ಟು, ಇದ್ಯಾ ಅಂತ ಕೇಳಿ.

ಮೊಬೈಲ್ ಫೋನ್ ಬಗ್ಗೆ ವಾರವಾರ ಪುಟಗಟ್ಟಲೆ ಬರೀತೀರಲ್ಲ, ಇಂಥದ್ದಕ್ಕೂ ಒಂದು ಕಾಲಂ ಕೊಡಿ ಸಾರ್.

– ಓದುಗ, ಶಿವಮೊಗ್ಗ