ಮತ್ತೆ ಸಾಲಿಗೆ ಸೇರಿದ ನಮ್ಮ ಎಂ-37: ಕೈಜೋಡಿಸಿದವರಿಗೆಲ್ಲ ವಂದನೆ

ಈ ಜೂನ್ ತಿಂಗಳಲ್ಲಿ ನಮ್ಮ ಡಾಡ್ಜ್ ಎಂ-37 ಸೇನಾ ಟ್ರಕ್ ಇಂಡಿಯಾನಾ ರಾಜ್ಯದ ಕೊಲಂಬಸ್‌ನಿಂದ ಹೊರಟು, ಇಲಿನಾಯ್ ರಾಜ್ಯವನ್ನು ಹಾದು, ಬರ್ಲಿಂಗ್ಟನ್ ಬಳಿ ಮಿಸಿಸಿಪ್ಪಿ ನದಿಯನ್ನು ದಾಟಿ, ಅಯೋವಾದ ಫೇರ್‌ಫೀಲ್ಡ್ ಊರನ್ನು ತಲುಪಿತು. 600 ಕಿಲೋಮೀಟರಿಗೂ ಮೀರಿದ ಆ ದಾರಿಯನ್ನು ಅದು ಟ್ರೇಲರ್ ಏರದೆ ತನ್ನ ಚಕ್ರಗಳ ಮೇಲೆಯೇ ಸವೆಸಿತು. ಮರಳಿ ಬಂದದ್ದೂ ಹಾಗೆಯೇ. ಎಂಜಿನ್ ಬ್ಲಾಕ್ ಬಿರಿದು ಮೂಲೆಗೆ ಸೇರಿದ್ದ ಗಾಡಿ ಮತ್ತು ಕೆಲಸದ ನಡುವೆಯೇ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಸ್ಪ್ಯಾನರ್ ಹಿಡಿಯಲೂ ಅನುಮತಿಯಿಲ್ಲದೆ ಕುಳಿತ ನಾನು ಆ ಊರಿಗೆ ಹೋಗಿ ಬಂದಿದ್ದೇವೆ ಎಂದರೆ, ಅದರ ಹಿಂದೆ ಇರುವುದು ಬೇರೆಯವರ ದುಡಿಮೆ. ಅವರ ಹೆಸರುಗಳನ್ನು ಬರೆಯಬಾರದೆಂದು ಅವರಲ್ಲಿ ಹಲವರು ಕೇಳಿಕೊಂಡಿದ್ದಾರೆ. ಹೆಸರಿಲ್ಲದೆಯೇ, ಆದರೆ ಅವರು ಮಾಡಿದ ಕೆಲಸವನ್ನು ಮರೆಮಾಚದೆ, ಈ ಕೃತಜ್ಞತೆಯನ್ನು ಬರೆಯುತ್ತಿದ್ದೇನೆ.

ಕನ್ನಡದ ಬಂಧುಗಳಲ್ಲಿ ಅನೇಕರಿಗೆ ಈ ಗಾಡಿಯ ಪರಿಚಯ ಇರಲಾರದು. ಎರಡನೆಯ ಮಹಾಯುದ್ಧದ ಡಾಡ್ಜ್ ಡಬ್ಲ್ಯುಸಿ ಸರಣಿಯ ಟ್ರಕ್ಕುಗಳ ಜಾಗಕ್ಕೆ ಅಮೆರಿಕದ ಸೇನೆ ತಂದ, ಮುಕ್ಕಾಲು ಟನ್ ಹೊರುವ, ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ಕೊಡಬಲ್ಲ ವಾಹನವಿದು. 1951ರಲ್ಲಿ ಆರಂಭವಾದ ಇದರ ತಯಾರಿಕೆ 1968ರವರೆಗೆ ನಡೆದು, ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಕೊರಿಯಾದಲ್ಲಿಯೂ ವಿಯೆಟ್ನಾಮಿನಲ್ಲಿಯೂ ದುಡಿದವು. ಆರು ಸಿಲಿಂಡರುಗಳ, ಸುಮಾರು 3.8 ಲೀಟರಿನ, ವಾಲ್ವುಗಳು ಸಿಲಿಂಡರುಗಳ ಪಕ್ಕದಲ್ಲೇ ಇರುವ ಪೆಟ್ರೋಲ್ ಫ್ಲ್ಯಾಟ್‌ಹೆಡ್ ಎಂಜಿನ್, 78 ಅಶ್ವಶಕ್ತಿ, 24 ವೋಲ್ಟಿನ ವಿದ್ಯುತ್ ವ್ಯವಸ್ಥೆ, ಹೊಳೆಗೆ ಇಳಿದಾಗಲೂ ಕಿಡಿ ಆರದಂತೆ ನೀರು ನುಗ್ಗದ ಹಾಗೆ ಮುಚ್ಚಿದ ಇಗ್ನಿಷನ್: ಕೆಸರು, ಹೊಳೆ, ಕಾಡುದಾರಿಗಳಿಗೆಂದೇ ಇದನ್ನು ರೂಪಿಸಿದರು, ಹೆದ್ದಾರಿಗಲ್ಲ. ಆಕ್ಸಲಿನ ಹಲ್ಲಿನ ಅನುಪಾತ 5.83 (ಚಕ್ರದ ಒಂದು ಸುತ್ತಿಗೆ ಶಾಫ್ಟಿನ 5.83 ಸುತ್ತು) ಇರುವುದರಿಂದ ಗಂಟೆಗೆ 70 ಕಿಲೋಮೀಟರ್ ವೇಗಕ್ಕೇ ಎಂಜಿನ್ ನಿಮಿಷಕ್ಕೆ ಸುಮಾರು 2500 ಸುತ್ತು ತಿರುಗಬೇಕಾಗುತ್ತದೆ. 90ರ ಹತ್ತಿರ ಹೋದರೆ ಆ ಹಳೆಯ ಎಂಜಿನ್ ತನ್ನ ಮಿತಿಯನ್ನು ಮುಟ್ಟಿರುತ್ತದೆ. ನಮ್ಮದು ವರ್ಷಗಳ ಕಾಲ, ಹಳೆಯ ಸೇನಾ ವಾಹನಗಳನ್ನು ಪ್ರೀತಿಸುವವರ ನಮ್ಮ ಕ್ಲಬ್ಬಿನ ಸಂಚಾರಗಳಲ್ಲಿ ನಿಷ್ಠೆಯಿಂದ ದುಡಿದು, ಕೊನೆಗೆ ವಾಲ್ವಿನ ಪೀಠ ಮತ್ತು ಸಿಲಿಂಡರಿನ ನಡುವೆ ಬಿರುಕು ಬಿಟ್ಟುಕೊಂಡು ನಿಂತಿತು. ಆಗ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಲು ನಾನು ನಿರ್ಧರಿಸಿದೆ.

ನನ್ನ ಮೊದಲ ವಂದನೆ, ಎಂಜಿನ್ ಬದಲಿಸಬಾರದು ಎಂದು ವಾದಿಸಿದ ನಮ್ಮ ಕ್ಲಬ್ಬಿನ ಅತ್ಯಂತ ಹಿರಿಯ ಸದಸ್ಯರಿಗೆ. ಯೌವನದಲ್ಲಿ ಸೇನೆಯ ವಾಹನ ದುರಸ್ತಿ ಘಟಕದಲ್ಲಿ ಕೆಲಸ ಮಾಡಿದ ಅವರ ಮಾತಿನಲ್ಲಿ ತೂಕವಿತ್ತು. ಇಂಥ ಗಾಡಿಯೊಂದು ಇತಿಹಾಸದ ದಾಖಲೆ, ಎಂಜಿನ್ ಆ ದಾಖಲೆಯ ಮುಖ್ಯ ಪುಟ, ಅದನ್ನು ಕಿತ್ತು ಬೇರೊಂದನ್ನು ಸೇರಿಸಿದರೆ ಮುಂದಿನವರು ಏನನ್ನು ಓದಬೇಕು ಎಂದು ಅವರು ಸಭೆಯಲ್ಲಿ ಎದ್ದು ನಿಂತು ಕೇಳಿದರು. ಇನ್ನೊಂದು ಒಳ್ಳೆಯ ಫ್ಲ್ಯಾಟ್‌ಹೆಡ್ ಬ್ಲಾಕ್ ಹುಡುಕಿ ಕೂರಿಸಬಹುದಿತ್ತು, ಅದೂ ಗೌರವದ ದಾರಿಯೇ. ಬೆರಳೆಣಿಕೆಯಷ್ಟೇ ಉಳಿದಿರುವ ವಾಹನವಾಗಿದ್ದರೆ, ಅಥವಾ ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ ಇನ್ನೂ ಆರೋಗ್ಯವಾಗಿ ಓಡುತ್ತಿದ್ದರೆ, ನಾನೂ ಅವರ ಪಕ್ಷದಲ್ಲೇ ನಿಲ್ಲುತ್ತಿದ್ದೆ. ಆದರೆ ಲಕ್ಷಕ್ಕೂ ಹೆಚ್ಚು ತಯಾರಾದವುಗಳಲ್ಲಿ ಒಂದಷ್ಟೇ ಆದ ನಮ್ಮ ಗಾಡಿ ದೂರದ ಊರುಗಳನ್ನು ಸುರಕ್ಷಿತವಾಗಿ ಮುಟ್ಟಬೇಕು, ಮಕ್ಕಳು ಅದನ್ನು ಏರಿ ಇಳಿಯಬೇಕು, ಬೀಗ ಹಾಕಿದ ಕೋಣೆಯ ವಸ್ತುವಾಗಬಾರದು ಎಂಬುದು ನನ್ನ ಆಸೆಯಾಗಿತ್ತು. ಅವರು ಕೊನೆಗೂ ನನ್ನ ನಿರ್ಧಾರವನ್ನು ಒಪ್ಪಲಿಲ್ಲ. ಆದರೆ ಕೆಲಸ ಆರಂಭವಾದ ಮೊದಲ ಶನಿವಾರವೇ ತಮ್ಮ ಉಪಕರಣಗಳ ಪೆಟ್ಟಿಗೆಯೊಂದಿಗೆ ಬಂದು ಮೂರು ಷರತ್ತುಗಳನ್ನು ಹಾಕಿದರು. ಚಾಸಿಯ ಒಂದು ಅಂಗುಲವನ್ನೂ ಕೊಯ್ಯಬಾರದು, ಸೇನೆಯವರು ಕೊರೆದ ತೂತುಗಳನ್ನು ಬಿಟ್ಟು ಹೊಸ ತೂತು ಕೊರೆಯಬಾರದು, ಬಿಚ್ಚಿದ ಪ್ರತಿಯೊಂದು ಬೋಲ್ಟಿಗೂ ಚೀಟಿ ಕಟ್ಟಿ ಎತ್ತಿಡಬೇಕು. ಇಂದು ಆ ಹಳೆಯ ಎಂಜಿನ್ ಎಣ್ಣೆ ಸವರಿಸಿಕೊಂಡು ನಮ್ಮ ಗ್ಯಾರೇಜಿನ ಸ್ಟ್ಯಾಂಡಿನ ಮೇಲೆ ಕ್ಷೇಮವಾಗಿದೆ, ಮತ್ತು ಬ್ಲಾಕ್ ಸರಿಪಡಿಸಿ ಅದನ್ನು ಮತ್ತೆ ಕೂರಿಸಬೇಕೆಂದು ಯಾರಾದರೂ ಬಯಸಿದರೆ ಗಾಡಿಯ ಯಾವ ಭಾಗವೂ ಅಡ್ಡ ಬರುವುದಿಲ್ಲ. ಈ ಕೆಲಸದಲ್ಲಿ ಸರಿಯಾಗಿ ನಡೆದದ್ದೆಲ್ಲ ಆ ಷರತ್ತುಗಳ ಫಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಹೊಸದಾಗಿ ಕೂರಿಸಿದ್ದು ಕಮಿನ್ಸ್ 4ಬಿಟಿ ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, 3.9 ಲೀಟರ್, ಟರ್ಬೋ ಸಹಿತ 105 ಅಶ್ವಶಕ್ತಿ. 1980ರ ದಶಕದಲ್ಲಿ ಬಂದ ಬಿ ಸರಣಿಯ ಈ ಎಂಜಿನ್ ಅಮೆರಿಕದಲ್ಲಿ ಬ್ರೆಡ್ ಮತ್ತು ಚಿಪ್ಸ್ ಹಂಚುವ ದೊಡ್ಡ ವ್ಯಾನುಗಳಲ್ಲಿ ದುಡಿದು ಹೆಸರು ಮಾಡಿದೆ, ಮತ್ತು ಹಳೆಯ ಡಾಡ್ಜ್ ಸೇನಾ ಟ್ರಕ್ಕುಗಳಿಗೆ ಮರುಜೀವ ಕೊಡುವವರ ಮೊದಲ ಆಯ್ಕೆಯೂ ಆಗಿದೆ. ಇದಕ್ಕಿಂತ ಹಗುರವಾದ, ಕಂಪ್ಯೂಟರ್ ನಿಯಂತ್ರಿತ ಎಂಜಿನ್ನುಗಳು ಇಂದು ಇವೆ. ಆದರೆ ಸಿಲಿಂಡರುಗಳಿಗೆ ಡೀಸೆಲ್ ಚಿಮ್ಮಿಸುವ ಯಾಂತ್ರಿಕ ಇಂಜೆಕ್ಷನ್ ಪಂಪಿನಿಂದಲೇ ನಡೆಯುವ, ಕಾಡಿನ ನಡುವೆ ನಿಂತರೂ ಕೈಯಲ್ಲಿ ರಿಪೇರಿ ಮಾಡಬಹುದಾದ 4ಬಿಟಿಯ ಸ್ವಭಾವ ಸೇನಾ ಗಾಡಿಯ ಸ್ವಭಾವಕ್ಕೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ವ್ಯಾನೊಂದರಿಂದ ಇಂಥ ಎಂಜಿನ್ನನ್ನು ಹುಡುಕಿ, ಅದರ ಕಂಪ್ರೆಷನ್ ಪರೀಕ್ಷಿಸಿ, ತಾನು ಕೊಟ್ಟ ಬೆಲೆಗೇ ನನಗೆ ಒಪ್ಪಿಸಿದ ಕಿರಿಯ ಮಿತ್ರನಿಗೆ ನಾನು ಋಣಿ. ಕಮಿನ್ಸ್ ಕಂಪನಿ 1919ರಲ್ಲಿ ಹುಟ್ಟಿದ್ದು ನಾವು ವಾಸಿಸುವ ಈ ಕೊಲಂಬಸ್ ಊರಿನಲ್ಲಿಯೇ. ನನ್ನ ವೃತ್ತಿಜೀವನ ಆರಂಭವಾದದ್ದು ಪುಣೆಯ ಕಿರ್ಲೋಸ್ಕರ್ ಕಮಿನ್ಸ್ ಕಾರ್ಖಾನೆಯಲ್ಲಿ; ಆ ಹೆಸರಿನ ಎರಡೂ ಭಾಗಗಳು ನನ್ನನ್ನು ಸಾಕಿವೆ, ಏಕೆಂದರೆ ನನ್ನ ತಂದೆ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಯಂತ್ರಗಳನ್ನು ಜೋಡಿಸುವ ಫಿಟ್ಟರ್ ಆಗಿದ್ದರು.

ತಂದೆಯ ಆ ಕಸುಬನ್ನು ಕಂಡು ಬೆಳೆದುದರಿಂದಲೇ ಇರಬೇಕು, ನಮ್ಮ ಕ್ಲಬ್ಬಿನ ಟರ್ನರ್ ಮಾಡಿದ ಕೆಲಸದ ಬೆಲೆ ನನಗೆ ಬೇಗ ಅರ್ಥವಾಯಿತು. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿಯೇ ಬಲ ಕೊಡುತ್ತದೆ: ಹಳೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಟಾರ್ಕ್ (ತಿರುಗಿಸುವ ಬಲ) ಇದ್ದರೂ, ಸುತ್ತಿಗೆ ಮಿತಿ ಹಾಕುವ ವ್ಯಾನಿನ ಕಾಲದ ಗವರ್ನರ್ ಅದನ್ನು ನಿಮಿಷಕ್ಕೆ 2500 ಸುತ್ತಿನ ಆಸುಪಾಸಿನಲ್ಲಿ ತಡೆಯುತ್ತದೆ. ಹಳೆಯ ನಾಲ್ಕು ಗೇರಿನ ಗೇರ್‌ಬಾಕ್ಸಿಗೆ ಹಾಗೆಯೇ ಜೋಡಿಸಿದ್ದರೆ ಗಂಟೆಗೆ 70 ಕಿಲೋಮೀಟರಿಗೇ ಗಾಡಿಯ ಓಟ ಮುಗಿಯುತ್ತಿತ್ತು, ಎಂಜಿನ್ ಬದಲಿಸಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆದ್ದರಿಂದ ಡಾಡ್ಜ್ ಡೀಸೆಲ್ ಪಿಕಪ್ಪುಗಳಲ್ಲಿ ಬರುತ್ತಿದ್ದ, ಐದನೆಯ ಗೇರ್ ಎಂಜಿನ್ನಿಗಿಂತ ವೇಗವಾಗಿ ಶಾಫ್ಟನ್ನು ತಿರುಗಿಸುವ ಓವರ್‌ಡ್ರೈವ್ ಆಗಿರುವ ಎನ್‌ವಿ4500 ಗೇರ್‌ಬಾಕ್ಸನ್ನು ತಂದೆವು. ಆ ಪಿಕಪ್ಪುಗಳ ಆರು ಸಿಲಿಂಡರಿನ ಎಂಜಿನ್ನೂ ಇದೇ ಬಿ ಸರಣಿಯದಾದ್ದರಿಂದ ಬೋಲ್ಟುಗಳ ಜಾಗ ಹೊಂದಿತು. ಎಂ-37ರಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ಕುಳಿತು, ಒಂದು ಗಿಡ್ಡ ಶಾಫ್ಟಿನ ಮೂಲಕ ಬಲ ಪಡೆಯುತ್ತದೆ. ಅದನ್ನು ಮುಟ್ಟದೆ ಆ ಗಿಡ್ಡ ಶಾಫ್ಟನ್ನು ಮಾತ್ರ ಹೊಸ ಅಳತೆಗೆ ಮಾಡಿದರೆ ಸಾಕಾಗಿತ್ತು. ಆ 'ಸಾಕು' ಎಂಬುದರೊಳಗೆ ಎಷ್ಟು ಸೂಕ್ಷ್ಮತೆ ಇದೆಯೆಂಬುದು ಕಸುಬು ಬಲ್ಲವರಿಗೆ ಗೊತ್ತು; ಶಾಫ್ಟಿನ ಕೋನ ತುಸು ತಪ್ಪಿದರೂ ಇಡೀ ಗಾಡಿ ನಡುಗುತ್ತದೆ. ನಮ್ಮ ಟರ್ನರ್ ತನ್ನ ಮನೆಯ ಲೇತಿನ ಮೇಲೆ ಅದನ್ನು ಕಡೆದು, ಡಯಲ್ ಗೇಜ್ ಹಿಡಿದು ಮತ್ತೆ ಮತ್ತೆ ಪರೀಕ್ಷಿಸಿ, ತನಗೇ ತೃಪ್ತಿಯಾಗದ ಮೊದಲನೆಯದನ್ನು ಬದಿಗಿಟ್ಟು ಇನ್ನೊಂದನ್ನು ಮಾಡಿಕೊಟ್ಟನು. ಹಣ ತೆಗೆದುಕೊಳ್ಳಲು ಒಪ್ಪಲೇ ಇಲ್ಲ.

ಇಷ್ಟಾಗುವ ಹೊತ್ತಿಗೆ ನನಗೆ ಎದೆನೋವು ಕಾಣಿಸಿಕೊಂಡು ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆ ಚಳಿಗಾಲದ ಕೆಲಸದಲ್ಲಿ ನನ್ನ ಪಾಲು ಕುರ್ಚಿಯ ಮೇಲೆ ಕುಳಿತು ನೋಡುವುದಷ್ಟೇ. ಹಿಮ ಬಿದ್ದ ಶನಿವಾರಗಳಲ್ಲಿಯೂ ಕ್ಲಬ್ಬಿನವರು ಬಂದರು. 4ಬಿಟಿಯ ಕಂಪನ ಬಲವಾದದ್ದು. ಗಟ್ಟಿಯಾದ ಮೌಂಟಿಂಗುಗಳ ಮೇಲೆ ಕೂರಿಸಿದರೆ ಕಾಲಕ್ರಮೇಣ ಬ್ರಾಕೆಟ್ಟುಗಳು ಸೀಳುತ್ತವೆ. ಹಳೆಯ ತೂತುಗಳಿಗೇ ಹೊಂದುವ ಬ್ರಾಕೆಟ್ಟುಗಳನ್ನು ಮಾಡಿ, ಮೃದುವಾದ ರಬ್ಬರ್ ಮೌಂಟಿಂಗುಗಳನ್ನು ಆರಿಸಿ, ಸ್ಪ್ರಿಂಗು ಪೂರ್ತಿ ಕುಗ್ಗಿದಾಗಲೂ ಮುಂದಿನ ಆಕ್ಸಲ್ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ (ಆಯಿಲ್ ಸಂಪು) ತಾಗದಂತೆ ಎಂಜಿನ್ನಿನ ಎತ್ತರವನ್ನು ನಿಗದಿ ಮಾಡಿದವರು ನಮ್ಮ ವೆಲ್ಡರ್ ದಂಪತಿಗಳು. ಇಂಜೆಕ್ಷನ್ ಪಂಪು ಉಳಿದ ಡೀಸೆಲನ್ನು ಟ್ಯಾಂಕಿಗೆ ಮರಳಿಸುವುದರಿಂದ ಇನ್ನೊಂದು ಪೈಪನ್ನು ಎಳೆಯಬೇಕಿತ್ತು. ಅದನ್ನೂ ಹಳೆಯ ಕ್ಲಿಪ್ಪುಗಳ ಜಾಗದಲ್ಲೇ ಕೂರಿಸಿದರು. ಸೇನೆಯ ದೀಪಗಳು, ಮೀಟರುಗಳು ಹಾಗೆಯೇ ಉಳಿಯಲೆಂದು 24 ವೋಲ್ಟಿನ ಸ್ಟಾರ್ಟರನ್ನೇ ಹುಡುಕಿ ತಂದರು. ಎಲ್ಲಕ್ಕಿಂತ ಮುಖ್ಯವಾಗಿ, ಬ್ರೇಕಿನ ವಿಷಯದಲ್ಲಿ ಅವರು ಯಾವ ರಾಜಿಗೂ ಒಪ್ಪಲಿಲ್ಲ. ಮೂಲ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಎಲ್ಲಿಯಾದರೂ ಒಂದು ಪೈಪು ಒಡೆದರೆ ಇಡೀ ಬ್ರೇಕ್ ಹೋಗುತ್ತದೆ. ಹೆಚ್ಚಿನ ವೇಗದ ಗಾಡಿಗೆ ಅದು ಸಲ್ಲದೆಂದು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸರ್ಕ್ಯೂಟ್ ಇರುವ ಮಾಸ್ಟರ್ ಸಿಲಿಂಡರ್ ಹಾಕಿದರು. ಎಂಜಿನ್ ಬದಲಿಸಲು ಹೊರಟಿರುವ ಯಾರಿಗೇ ಆಗಲಿ, ಮೊದಲು ಬ್ರೇಕಿಗೆ ಖರ್ಚು ಮಾಡಿರೆಂದು ನಾನು ಕೈಮುಗಿದು ಹೇಳುತ್ತೇನೆ.

ಇಷ್ಟು ಜನ ಒಂದು ಗಾಡಿಗಾಗಿ ಏಕೆ ಇಷ್ಟು ಶ್ರಮಿಸಿದರು ಎಂಬುದಕ್ಕೆ ಉತ್ತರ ನಮ್ಮ ಸಂಚಾರಗಳಲ್ಲಿದೆ. 1942ರಲ್ಲಿ ಕಟ್ಟಿದ ಕ್ಯಾಂಪ್ ಅಟರ್‌ಬರಿ ಸೇನಾ ಶಿಬಿರ ನಮ್ಮ ಊರಿಗೆ ಹತ್ತಿರ. ಅಲ್ಲಿ ಯುದ್ಧಕೈದಿಗಳಾಗಿದ್ದ ಇಟಲಿಯ ಸೈನಿಕರು 1943ರಲ್ಲಿ ತಮ್ಮ ಕೈಯಾರೆ ಕಟ್ಟಿ, ಒಳಗೋಡೆಗಳಿಗೆ ಚಿತ್ರ ಬರೆದ ಪುಟ್ಟ ಪ್ರಾರ್ಥನಾ ಮಂದಿರವನ್ನು ನಾನು ಮೊದಲು ನೋಡಿದ್ದು ಕ್ಲಬ್ಬಿನ ಸಂಚಾರದಲ್ಲಿಯೇ. ಹಳೆಯ ಕಲ್ಲಿದ್ದಲು ಗಣಿಯ ಭೂಮಿಯಾದ ರೆಡ್‌ಬರ್ಡ್‌ನ ಕೆಸರು ದಿಬ್ಬಗಳಲ್ಲಿ ಒಬ್ಬರ ಗಾಡಿಯನ್ನು ಇನ್ನೊಬ್ಬರು ವಿಂಚ್ ಹಾಕಿ ಎಳೆದ ದಿನಗಳಿವೆ. ನನ್ನ ಹೆಂಡತಿ ಡಬ್ಬಿಗಟ್ಟಲೆ ತರುತ್ತಿದ್ದ ಖಾರ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಗೆ ಅಲ್ಲಿ ಎಷ್ಟು ಬೇಡಿಕೆಯೆಂದರೆ, ಮುಂದಿನ ಸಂಚಾರದ ದಿನಾಂಕ ಗೊತ್ತಾಗುವ ಮೊದಲೇ ಬಜ್ಜಿಯ ವಿಚಾರಣೆ ನಡೆಯುತ್ತದೆ.

ಇವೆಲ್ಲಕ್ಕಿಂತ ಆಳವಾಗಿ ಉಳಿದಿರುವುದು, ಮಡಿದ ಸೈನಿಕರನ್ನು ಅಮೆರಿಕ ಸ್ಮರಿಸುವ ಮೆಮೋರಿಯಲ್ ಡೇ ದಿನಗಳ ನೆನಪು. ಕೊಲಂಬಸ್ಸಿನ ನ್ಯಾಯಾಲಯದ ಆವರಣದಲ್ಲಿ 25 ಸುಣ್ಣಕಲ್ಲಿನ ಕಂಬಗಳ ಸ್ಮಾರಕವಿದೆ. ಸುಮಾರು 12 ಮೀಟರ್ ಎತ್ತರದ ಆ ಕಂಬಗಳ ನಡುವೆ ನಡೆದರೆ, ಯುದ್ಧದಲ್ಲಿ ಮಡಿದ ಈ ಜಿಲ್ಲೆಯವರ ಹೆಸರುಗಳ ಜೊತೆಗೆ ಅವರು ಮನೆಗೆ ಬರೆದ ಪತ್ರಗಳನ್ನೂ ಕಲ್ಲಿನಲ್ಲಿ ಕೆತ್ತಿರುವುದು ಕಾಣುತ್ತದೆ. ನಮ್ಮ ಗಾಡಿಗಳನ್ನು ಅದರ ಬಳಿ ನಿಲ್ಲಿಸಿದ ವರ್ಷಗಳಲ್ಲಿ, ಆ ಪತ್ರಗಳನ್ನು ಓದಿ ಬಂದ ಮಕ್ಕಳು ಅವರು ಇಂಥದರಲ್ಲಿಯೇ ಹೋಗುತ್ತಿದ್ದರೇ ಎಂದು ಕೇಳಿ, ಎಂ-37ರ ಬಾಗಿಲನ್ನು ಮುಟ್ಟಿ ನೋಡುತ್ತಾರೆ. ವಿಯೆಟ್ನಾಮಿನಲ್ಲಿ ಇದೇ ಮಾದರಿಯ ಗಾಡಿ ಓಡಿಸಿದ ಹಿರಿಯರೊಬ್ಬರು ಒಮ್ಮೆ ಚಾಲಕನ ಸೀಟಿನಲ್ಲಿ ಕುಳಿತಾಗ, ಅವರ ಪಾದ ನೋಡದೆಯೇ ನೆಲದ ಮೇಲಿನ ಸ್ಟಾರ್ಟರ್ ಪೆಡಲನ್ನು ಹುಡುಕಿಕೊಂಡಿತು. ಅದಕ್ಕಾಗಿಯೇ ಹೊಸ ಎಂಜಿನ್ನಿಗೂ ಆ ಪೆಡಲ್ ಇರಲೇಬೇಕೆಂದು ನಮ್ಮ ಎಲೆಕ್ಟ್ರಿಷಿಯನ್ ಹಟ ಹಿಡಿದು, ಅದರ ಕೆಳಗೆ ಸ್ವಿಚ್ ಕೂರಿಸಿದರು. ಇಂದಿಗೂ ನಮ್ಮ ಗಾಡಿಯನ್ನು ಕಾಲಿನಿಂದಲೇ ಚಾಲೂ ಮಾಡಬೇಕು.

ಹಳೆಯ ಸೇನಾ ವಾಹನಗಳನ್ನು ಪ್ರೀತಿಸುವವರಿಗೆ ದೂರ ಪ್ರಯಾಣವೆಂದರೆ 1919ರ ಸೇನಾ ವಾಹನಗಳ ಸಾಲು ನೆನಪಾಗುತ್ತದೆ. ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 62 ದಿನ ತೆಗೆದುಕೊಂಡ ಆ ಪ್ರಯಾಣದಲ್ಲಿ, ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಯುವ ಅಧಿಕಾರಿಯಾಗಿ ಇದ್ದರು. ಮಿಲಿಟರಿ ವೆಹಿಕಲ್ ಪ್ರಿಸರ್ವೇಷನ್ ಅಸೋಸಿಯೇಷನ್ 2009ರಲ್ಲಿಯೂ 2019ರಲ್ಲಿಯೂ ಅದರ ಸ್ಮರಣೆಯಲ್ಲಿ ಖಂಡವನ್ನು ದಾಟುವ ಸಾಲನ್ನು ನಡೆಸಿತು. ಅಷ್ಟು ದೂರದ ಮಾತು ನನ್ನ ಆರೋಗ್ಯಕ್ಕೆ ಸದ್ಯ ಬೇಡ. ಆದರೆ ಡಾಡ್ಜ್ ಪವರ್ ವ್ಯಾಗನ್ ಟ್ರಕ್ಕುಗಳ ಅಭಿಮಾನಿಗಳು ಬೇಸಿಗೆಯಲ್ಲಿ ಸೇರುವ ಫೇರ್‌ಫೀಲ್ಡಿನ ಮೇಳಕ್ಕೆ ಹೋಗಬಹುದೆಂದು ವೈದ್ಯರು ಒಪ್ಪಿದಾಗ, ಇಡೀ ಕ್ಲಬ್ ತನ್ನ ವೇಳಾಪಟ್ಟಿಯನ್ನು ನನಗಾಗಿ ಬದಲಿಸಿತು. ಸಾಲಿನ ನಿಯಮದಂತೆ ಎಲ್ಲಕ್ಕಿಂತ ನಿಧಾನವಾದ ಗಾಡಿ ಮುಂದೆ ಇರಬೇಕು. ಹಿಂದಿನ ವರ್ಷಗಳಲ್ಲಿ ಆ ಜಾಗ ನಮ್ಮದಾಗಿತ್ತು. ಈ ಬಾರಿ ಓವರ್‌ಡ್ರೈವಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಎಂಜಿನ್ 2200 ಸುತ್ತನ್ನೂ ಮುಟ್ಟದೆ, ರೇಡಿಯೇಟರಿನ ನೀರಿನ ಬಿಸಿ ತೋರಿಸುವ ಮುಳ್ಳು ಅಲುಗದೆ, ನಾವು ಸಾಲಿನ ನಡುವೆ ಆರಾಮವಾಗಿ ಸಾಗಿದೆವು. ಮೊದಲು ಕುಡಿಯುತ್ತಿದ್ದ ಇಂಧನದ ಸುಮಾರು ಅರ್ಧದಷ್ಟು ಸಾಕಾಯಿತು. ಮಿಸಿಸಿಪ್ಪಿಯ ಸೇತುವೆಯ ಮೇಲೆ ಚಾಲಕನ ಸೀಟಿನಲ್ಲಿ ಇದ್ದವರು ಎಂಜಿನ್ ಬದಲಾವಣೆಯನ್ನು ವಿರೋಧಿಸಿದ ಆ ಹಿರಿಯರೇ. ಅವರಿಗೆ ಸ್ಟೀರಿಂಗ್ ಒಪ್ಪಿಸಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ದಡ ಸೇರಿದ ಮೇಲೆ ಅವರು ತಮ್ಮ ಅಭಿಪ್ರಾಯ ಬದಲಾಗಿಲ್ಲವೆಂದು ಹೇಳಿ, ಮುಂದಿನ ಊರಿನವರೆಗೂ ತಾವೇ ಓಡಿಸುವುದಾಗಿ ತಿಳಿಸಿದರು.

ನನ್ನ ಹೆಂಡತಿಗೆ, ಆಸ್ಪತ್ರೆಯ ದಿನಗಳಲ್ಲಿ ಸರದಿಯ ಮೇಲೆ ಊಟ ತಂದ ಕೊಲಂಬಸ್ಸಿನ ಕನ್ನಡ ಕುಟುಂಬಗಳಿಗೆ, ಆರೈಕೆ ಮಾಡಿದ ವೈದ್ಯರು ಮತ್ತು ದಾದಿಯರಿಗೆ, ಚೀಟಿ ಕಟ್ಟಿದ ಬೋಲ್ಟುಗಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದಿಟ್ಟ ಮಗಳಿಗೆ ನನ್ನ ಹೃತ್ಪೂರ್ವಕ ವಂದನೆಗಳು. ಶಾಫ್ಟಿನ ನಕ್ಷೆ, ಮೌಂಟಿಂಗಿನ ಅಳತೆ, ವಯರಿಂಗಿನ ಚಿತ್ರ ಎಲ್ಲವೂ ನನ್ನ ಬಳಿ ಇವೆ. ಈ ಕೆಲಸಕ್ಕೆ ಕೈಹಾಕುವವರು ಯಾರೇ ಕೇಳಲಿ, ಕೊಡುತ್ತೇನೆ. ಅಕ್ಟೋಬರ್ ತಿಂಗಳಲ್ಲಿ ಎಲೆಗಳು ಕೆಂಪಾಗುವ ಹೊತ್ತಿಗೆ ಕ್ಲಬ್ ಬ್ರೌನ್ ಕೌಂಟಿಯ ಗುಡ್ಡಗಳ ಕಡೆ ಹೊರಡಲಿದೆ. ಸುತ್ತಮುತ್ತಲಿನ ಕನ್ನಡಿಗರು ಮಕ್ಕಳೊಂದಿಗೆ ಬರಬೇಕೆಂದು ಪ್ರೀತಿಯಿಂದ ಕೋರುತ್ತೇನೆ.